ಪ್ರಯಾಣಕ್ಕೆ ಹೊರಡುವ ಮುನ್ನ ಮನೆಯ ಬೆಕ್ಕಿಗೊಂದು ಏರ್ಪಾಡು

ಬೆಕ್ಕು ಮನೆಯನ್ನು ಹಚ್ಚಿಕೊಳ್ಳುತ್ತದೆಯೇ ಹೊರತು ಮನೆಯವರನ್ನಲ್ಲ ಎನ್ನುವವರಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ಸಾಕಿದವರ ಮೇಲೆ ಅದಕ್ಕೆ ಅಕ್ಕರೆ ಇದ್ದೇ ಇರುತ್ತದೆ. ಆದರೆ ಕೆನ್ನೆ ಉಜ್ಜಿ ಉಜ್ಜಿ ತನ್ನ ವಾಸನೆ ಹಚ್ಚಿಟ್ಟ ಮಂಚದ ಕಾಲು, ಬಾಗಿಲ ಚೌಕಟ್ಟು, ಬಿಸಿಲು ಬೀಳುವ ಕಿಟಕಿಕಟ್ಟೆ ಇವುಗಳ ನಡುವೆ ಇದ್ದಾಗಲೇ ಅದಕ್ಕೆ ಧೈರ್ಯ. ಆದುದರಿಂದ ನಾವು ಪ್ರಯಾಣ ಹೊರಟಾಗ ಬೆಕ್ಕನ್ನು ಬೇರೆಡೆಗೆ ಸಾಗಿಸುವುದಕ್ಕಿಂತ, ನೋಡಿಕೊಳ್ಳುವವರನ್ನು ಮನೆಗೆ ಬರಮಾಡಿಕೊಳ್ಳುವುದೇ ಹೆಚ್ಚಿನ ಬೆಕ್ಕುಗಳಿಗೆ ಹಿತ.

ಬಟ್ಟಲು ತುಂಬ ಆಹಾರ ಸುರಿದು, ಎರಡು ಮೂರು ದಿನ ಮನೆಗೆ ಬೀಗ ಹಾಕಿಕೊಂಡು ಹೋಗುವುದನ್ನು ಮಾತ್ರ ನಾನು ಒಪ್ಪಲಾರೆ. ಬೆಕ್ಕು ತನ್ನ ನೋವನ್ನು ಮರೆಮಾಚುವ ಪ್ರಾಣಿ. ಅದರಲ್ಲೂ ಮೈತುಂಬಿದ ಬೆಕ್ಕು ಎರಡು ಮೂರು ದಿನ ಏನೂ ತಿನ್ನದೆ ಉಳಿದರೆ, ದೇಹದ ಕೊಬ್ಬು ಯಕೃತ್ತಿನಲ್ಲಿ ಶೇಖರವಾಗಿ ಪ್ರಾಣಕ್ಕೇ ಕುತ್ತು ಬರಬಹುದು. ಗಂಡು ಬೆಕ್ಕಿನ ಮೂತ್ರನಾಳ ಬಹಳ ಕಿರಿದು. ಅದು ಕಟ್ಟಿಕೊಂಡರೆ ಒಂದೆರಡು ದಿನಗಳಲ್ಲೇ ಬೆಕ್ಕು ಸಾಯಬಹುದು. ಹೀಗಾಗಿ ದಿನಕ್ಕೆ ಒಮ್ಮೆಯಾದರೂ, ಸಾಧ್ಯವಾದರೆ ಎರಡು ಬಾರಿ, ಯಾರಾದರೂ ಬಂದು ಬೆಕ್ಕನ್ನು ಕಣ್ಣಾರೆ ಕಾಣಬೇಕು. ಬಟ್ಟಲು ಖಾಲಿಯಾಗಿದೆ ಎಂಬುದಷ್ಟೇ ಸಾಲದು. ಮನೆಯಲ್ಲಿ ಎರಡು ಬೆಕ್ಕುಗಳಿದ್ದರೆ ಒಂದೇ ಬೆಕ್ಕು ಎರಡರ ಪಾಲನ್ನೂ ತಿಂದಿರಬಹುದು.

ನೋಡಿಕೊಳ್ಳುವವರನ್ನು ಹೊರಡುವುದಕ್ಕೆ ಒಂದು ವಾರ ಮೊದಲೇ ಕರೆಸಿ, ನಿಮ್ಮೆದುರಿನಲ್ಲೇ ಒಮ್ಮೆ ಊಟ ಹಾಕಿಸಿ, ಬೆಕ್ಕು ಮಲಮೂತ್ರ ಮಾಡುವ ಮರಳಿನ ತಟ್ಟೆಯನ್ನು (ಲಿಟರ್ ಟ್ರೇ) ಶುಚಿ ಮಾಡಿಸಿ. ಮೂತ್ರಕ್ಕೆ ಗಟ್ಟಿಯಾಗುವ ಮರಳನ್ನು ಬಳಸುವವರು ದಿನಕ್ಕೆ ಸಾಮಾನ್ಯವಾಗಿ ಎಷ್ಟು ಉಂಡೆಗಳು ಸಿಗುತ್ತವೆ ಎಂಬುದನ್ನೂ ಹೇಳಿಕೊಡಿ. ದಿನವೂ ಮೂರು ಸಿಗುತ್ತಿದ್ದ ಕಡೆ ಒಂದೂ ಕಾಣದಿದ್ದರೆ, ಬೆಕ್ಕು ಟ್ರೇಯಲ್ಲಿ ಮತ್ತೆ ಮತ್ತೆ ಕುಳಿತು ತಿಣುಕುತ್ತಿದ್ದರೆ, ನಿಮ್ಮ ಫೋನಿಗಾಗಿ ಕಾಯದೆ ತಕ್ಷಣವೇ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು. ಇಡೀ ದಿನ ಏನನ್ನೂ ತಿನ್ನದಿದ್ದರೆ ವೈದ್ಯರಿಗೆ ಕರೆ ಮಾಡಬೇಕು. ಅಡಗಿಕೊಳ್ಳುವ ಜಾಗಗಳನ್ನೂ ತೋರಿಸಿಡಿ. ಬೀರುವಿನ ಮೇಲೆ ಜೋಡಿಸಿಟ್ಟ ಪೆಟ್ಟಿಗೆಗಳ ಹಿಂದೆ ಬಾಲದ ತುದಿಯೂ ಕಾಣದಂತೆ ಮುದುಡಿ ಕುಳಿತ ಬೆಕ್ಕನ್ನು ಹುಡುಕುವುದು ಹೊಸಬರಿಗೆ ಸುಲಭವಲ್ಲ.

ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ. ಒಂದು ಹಾಳೆಯಲ್ಲಿ ಬರೆದಿಡಿ. ಆಹಾರದ ಅಳತೆ, ಹೊತ್ತು, ಔಷಧದ ಪ್ರಮಾಣ, ವೈದ್ಯರ ದೂರವಾಣಿ ಸಂಖ್ಯೆ, ರಾತ್ರಿಯೂ ತೆರೆದಿರುವ ಆಸ್ಪತ್ರೆಯ ವಿಳಾಸ ಅದರಲ್ಲಿರಲಿ. ನೀವು ಸಂಪರ್ಕಕ್ಕೆ ಸಿಗದಿದ್ದಾಗ ಚಿಕಿತ್ಸೆಗೆ ಯಾರು ಒಪ್ಪಿಗೆ ಕೊಡಬಹುದು, ಎಷ್ಟು ಖರ್ಚಿನವರೆಗೆ ಎಂದು ಸಹಿ ಮಾಡಿದ ಪತ್ರವನ್ನೂ ಜೊತೆಗಿಡಿ. ಇನ್ಸುಲಿನ್ ಪಡೆಯುವ ಬೆಕ್ಕಾದರೆ ಚುಚ್ಚುಮದ್ದು ಕೊಡುವುದನ್ನು ನಿಜಕ್ಕೂ ಬಲ್ಲವರೇ ಬೇಕು. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ ಎಂಬುದನ್ನು ಅದೇ ಹಾಳೆಯಲ್ಲಿ ದಪ್ಪಕ್ಷರಗಳಲ್ಲಿ ಬರೆಯಿರಿ. ಜ್ವರ ಬಂದಂತಿದೆ ಎಂದು ಕನಿಕರದಿಂದಲೇ ಯಾರಾದರೂ ಮಾತ್ರೆ ಕೊಟ್ಟುಬಿಡಬಹುದು.

ಲಿಲ್ಲಿ ಹೂಗಳನ್ನು ಮನೆಯಲ್ಲಿ ಇಡಲೇಬೇಡಿ. ಅದರ ಪರಾಗವನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ದಾರ, ರಬ್ಬರ್ ಬ್ಯಾಂಡುಗಳನ್ನು ಎತ್ತಿಡಿ. ಬಟ್ಟೆ ಒಗೆಯುವ ಯಂತ್ರದ ಬಾಗಿಲು ಮುಚ್ಚಿ, ಕೋಣೆಗಳ ಬಾಗಿಲುಗಳು ಗಾಳಿಗೆ ಬಡಿದು ಮುಚ್ಚಿಕೊಳ್ಳದಂತೆ ತಡೆಯಿಡಿ. ನೀರನ್ನು ಎರಡು ಮೂರು ಕಡೆ ಇಟ್ಟರೆ ಒಂದು ಚೆಲ್ಲಿದರೂ ಚಿಂತೆಯಿಲ್ಲ. ಒಗೆಯದ ನಿಮ್ಮ ಅಂಗಿಯೊಂದನ್ನು ಅದು ಮಲಗುವ ಕಡೆ ಹಾಸಿ ಹೋಗಿ.

ಮನೆಗೆ ಬರುವವರು ಸಿಗದಿದ್ದರೆ ಸಾಕುಪ್ರಾಣಿಗಳನ್ನು ಕೆಲವು ದಿನ ಇರಿಸಿಕೊಂಡು ನೋಡಿಕೊಳ್ಳುವ ಬೋರ್ಡಿಂಗ್ ಕೇಂದ್ರವನ್ನು ನೆಚ್ಚಬೇಕಾಗುತ್ತದೆ. ಅಲ್ಲಿಗೆ ಮೊದಲೇ ಖುದ್ದಾಗಿ ಹೋಗಿ, ಬೆಕ್ಕುಗಳಿಗೆ ನಾಯಿಗಳ ಬೊಗಳಿಕೆ ಕೇಳಿಸದ ಪ್ರತ್ಯೇಕ ಕೋಣೆಯಿದೆಯೇ, ಅಡಗಿ ಕೂರಲು ಪೆಟ್ಟಿಗೆಯಿದೆಯೇ ಎಂದು ನೋಡಿ. ಲಸಿಕೆ ಹಾಕಿಸಿದ ದಾಖಲೆಯನ್ನು ಕೇಳದ ಕೇಂದ್ರಕ್ಕೆ ಬಿಡಬೇಡಿ. ಬೆಕ್ಕನ್ನು ಕೊಂಡೊಯ್ಯುವ ಪೆಟ್ಟಿಗೆಯನ್ನು (ಕ್ಯಾರಿಯರ್) ಎರಡು ವಾರ ಮೊದಲೇ ಬಾಗಿಲು ತೆರೆದು ಮನೆಯಲ್ಲಿಟ್ಟರೆ ಬೆಕ್ಕು ತಾನಾಗಿಯೇ ಅದರೊಳಗೆ ಮಲಗಲು ಕಲಿಯುತ್ತದೆ.

ಹಿಂದಿರುಗುವ ದಿನದ ಬಗ್ಗೆಯೂ ಸ್ಪಷ್ಟವಾಗಿ ಮಾತಾಡಿಕೊಳ್ಳಿ. ರೈಲು ತಡವಾಗಬಹುದು, ವಿಮಾನ ರದ್ದಾಗಬಹುದು. ನೀವು ಮನೆಯೊಳಗೆ ಕಾಲಿಟ್ಟು ಕರೆ ಮಾಡುವವರೆಗೂ ನೋಡಿಕೊಳ್ಳುವವರು ಬರುವುದನ್ನು ನಿಲ್ಲಿಸಬಾರದು ಎಂದು ಹೊರಡುವ ಮುನ್ನವೇ ಮಾತು ತೆಗೆದುಕೊಳ್ಳಿ.