ಪೊಟ್ಟಣದ ತಿನಿಸಿಗೆ ಅಂಕ ಹಾಕುವಾಗ ಸೋಡಿಯಂ ಅನ್ನು ಬೇರೆಯಾಗಿ ಬರೆಯುವುದೇಕೆ

ಶಿರಸಿಯಲ್ಲಿ ಆಹಾರ ತಜ್ಞೆಯಾಗಿರುವ ನನ್ನ ಬಳಿ ಬರುವವರಲ್ಲಿ ಹೆಚ್ಚಿನವರಿಗೆ ರಕ್ತದೊತ್ತಡ ಇಲ್ಲವೇ ಸಕ್ಕರೆ ಕಾಯಿಲೆ ಇರುತ್ತದೆ. ಪಥ್ಯದ ವಿವರಣೆಗಿಂತ, ಅಂಗಡಿಯಲ್ಲಿರುವ ಎರಡು ಪೊಟ್ಟಣಗಳಲ್ಲಿ ಯಾವುದನ್ನು ಕೊಳ್ಳಬೇಕೆಂಬುದೇ ಅವರಿಗೆ ಮುಖ್ಯ. ಆ ಪ್ರಶ್ನೆಗೆ ಉತ್ತರಿಸಲೆಂದು, ಇಲ್ಲಿನ ಪೇಟೆಯಲ್ಲಿ ಸಾಮಾನ್ಯವಾಗಿ ಖರ್ಚಾಗುವ ತಿನಿಸುಗಳಿಗೆ ನಾನೇ ಅಂಕ ಹಾಕಿ ಒಂದು ಪಟ್ಟಿ ಮಾಡಿಕೊಂಡೆ.

ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು 2022ರಲ್ಲಿ ಅರ್ಧದಿಂದ ಐದರವರೆಗೆ ನಕ್ಷತ್ರ ಕೊಡುವ ಕ್ರಮವೊಂದರ ಕರಡನ್ನು ಹೊರಡಿಸಿತ್ತು. ನಾನು ಬಳಸಿದ್ದು ಫ್ರಾನ್ಸ್ 2017ರಲ್ಲಿ ಜಾರಿಗೆ ತಂದ ನ್ಯೂಟ್ರಿ-ಸ್ಕೋರ್‌ನ ಮೊದಲ ಸೂತ್ರವನ್ನು; ನೋಟುಪುಸ್ತಕದಲ್ಲಿ ಕೂಡಿ ಕಳೆದು ಮುಗಿಸಬಹುದಾದಷ್ಟು ಅದು ಸರಳವಾಗಿದೆ. ನೂರು ಗ್ರಾಂ ತಿನಿಸಿನಲ್ಲಿರುವ ಶಕ್ತಿ, ಸಕ್ಕರೆ, ಪರ್ಯಾಪ್ತ ಕೊಬ್ಬು (ಸ್ಯಾಚುರೇಟೆಡ್ ಫ್ಯಾಟ್) ಮತ್ತು ಸೋಡಿಯಂಗೆ ತಲಾ ಹತ್ತರವರೆಗೆ ಕೆಟ್ಟ ಅಂಕ ಬೀಳುತ್ತದೆ. ನಾರು, ಪ್ರೋಟೀನು ಮತ್ತು ಹಣ್ಣು-ತರಕಾರಿಯ ಪಾಲಿಗೆ ತಲಾ ಐದರವರೆಗೆ ಅದರಿಂದ ಕಳೆಯಲಾಗುತ್ತದೆ. ಉಳಿದ ಮೊತ್ತವನ್ನು ನೋಡಿ ಎ ಇಂದ ಇ ವರೆಗಿನ ಒಂದು ದರ್ಜೆಯನ್ನು ಕೊಡುತ್ತಾರೆ; ಎ ಎಲ್ಲಕ್ಕಿಂತ ಒಳ್ಳೆಯದು, ಇ ಎಲ್ಲಕ್ಕಿಂತ ಕೆಟ್ಟದ್ದು.

ಒಂದು ಬಿಸ್ಕತ್ತಿನ ಹಿಂಬದಿಯಲ್ಲಿ ನೂರು ಗ್ರಾಂಗೆ 470 ಕಿಲೋ ಕ್ಯಾಲರಿ, ಸಕ್ಕರೆ 24 ಗ್ರಾಂ, ಪರ್ಯಾಪ್ತ ಕೊಬ್ಬು 9.5 ಗ್ರಾಂ, ಸೋಡಿಯಂ 300 ಮಿಲಿಗ್ರಾಂ ಎಂದಿದೆಯೆಂದುಕೊಳ್ಳೋಣ. ಕ್ಯಾಲರಿಯನ್ನು 4.184ರಿಂದ ಗುಣಿಸಿ ಕಿಲೋ ಜೂಲ್‌ಗೆ ತಂದರೆ ಶಕ್ತಿಗೆ 5 ಅಂಕ, ಸಕ್ಕರೆಗೆ 5, ಕೊಬ್ಬಿಗೆ 9, ಸೋಡಿಯಂಗೆ 3, ಒಟ್ಟು 22. ಕೆಟ್ಟ ಅಂಕ ಹನ್ನೊಂದನ್ನು ಮುಟ್ಟಿದರೆ, ಹಣ್ಣು-ತರಕಾರಿಯೇ ತುಂಬಿರದ ತಿನಿಸಿನಲ್ಲಿ ಪ್ರೋಟೀನನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಾರಿನ ಪ್ರಮಾಣವನ್ನು ಬರೆಯುವುದು ನಮ್ಮಲ್ಲಿ ಕಡ್ಡಾಯವಲ್ಲವಾದ್ದರಿಂದ ಬರೆಯದವರಿಗೆ ನಾನು ಸೊನ್ನೆ ಹಾಕುತ್ತೇನೆ. ಹತ್ತೊಂಬತ್ತು ಮುಟ್ಟಿದ್ದೆಲ್ಲ ಇ ದರ್ಜೆಯದು; ಮುಂಬದಿಯಲ್ಲಿ ಗೋಧಿಯ ತೆನೆಯ ಚಿತ್ರವಿದ್ದರೂ ಅದು ಬದಲಾಗುವುದಿಲ್ಲ. ಘಟಕಗಳ ಪಟ್ಟಿಯನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿರುವುದರಿಂದ, ಮೈದಾ ಮೊದಲಿದ್ದು ಗೋಧಿ ಕೆಳಗಿದ್ದರೆ ಆ ಚಿತ್ರದ ಬೆಲೆ ಎಷ್ಟೆಂಬುದು ಅಲ್ಲಿಯೇ ತಿಳಿಯುತ್ತದೆ.

ಸೂತ್ರ ಸಾಲದೆನಿಸಿದ್ದು ಅಪ್ಪೆಮಿಡಿ ಉಪ್ಪಿನಕಾಯಿಯ ವಿಷಯದಲ್ಲಿ. ನೂರು ಗ್ರಾಂ ಉಪ್ಪಿನಕಾಯಿಯಲ್ಲಿ 15 ಗ್ರಾಂ ಉಪ್ಪಿದ್ದರೆ ಸೋಡಿಯಂ ಸುಮಾರು 5,900 ಮಿಲಿಗ್ರಾಂ ಆಗುತ್ತದೆ. ಆದರೆ 900 ಮಿಲಿಗ್ರಾಂ ದಾಟಿದ ಕೂಡಲೇ ಹತ್ತು ಅಂಕ ತುಂಬುವುದರಿಂದ, ಅದರಾಚೆಗೆ ಎಷ್ಟು ಉಪ್ಪಿದ್ದರೂ ಸೂತ್ರಕ್ಕೆ ಲೆಕ್ಕವಿಲ್ಲ. ಎಣ್ಣೆ, ಸಕ್ಕರೆ ಹೆಚ್ಚಿಲ್ಲದ ಮಿಡಿ ಉಪ್ಪಿನಕಾಯಿಗೆ ಬೇರೆ ಕೆಟ್ಟ ಅಂಕ ಬೀಳದೆ, ಅದು ಸಿ ದರ್ಜೆಗಿಂತ ಕೆಳಗೆ ಇಳಿಯುವುದೇ ಇಲ್ಲ. ದಿನಕ್ಕೆ ಒಟ್ಟು 2,000 ಮಿಲಿಗ್ರಾಂ ಸೋಡಿಯಂನ ಮಿತಿಯಲ್ಲಿರಬೇಕಾದ ರಕ್ತದೊತ್ತಡದವರಿಗೆ ಇದರ ಹತ್ತು ಗ್ರಾಂ ಎಂದರೆ 590 ಮಿಲಿಗ್ರಾಂ. ಊಟದ ಬದಿಗೆ ಬಡಿಸಿದ ಒಂದು ಮಿಡಿಯಲ್ಲಿಯೇ ದಿನದ ಪಾಲಿನ ಕಾಲುಭಾಗಕ್ಕಿಂತ ಹೆಚ್ಚು ಮುಗಿದಿರುತ್ತದೆ. ಅವರಿಗೆ ಆ ಸಿ ಅಕ್ಷರವನ್ನು ತೋರಿಸಿ ಕಳಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಹಾಗಾಗಿ ನನ್ನ ಪಟ್ಟಿಯಲ್ಲಿ ದರ್ಜೆಯ ಪಕ್ಕಕ್ಕೆ, ಒಂದು ಸಲಕ್ಕೆ ನಿಜವಾಗಿ ತಿನ್ನುವಷ್ಟರಲ್ಲಿರುವ ಸೋಡಿಯಂ ಮತ್ತು ಸೇರಿಸಿದ ಸಕ್ಕರೆಗೆ ಬೇರೆ ಬೇರೆ ಅಂಕಣಗಳಿವೆ.

ಮುರುಗಲು (ಕೋಕಂ) ಸಿರಪ್ಪಿಗೆ ಈ ಎರಡನೆಯ ಅಂಕಣ ಉಪಯೋಗಕ್ಕೆ ಬಂತು. ಅದನ್ನು ಯಾರೂ ಹಾಗೆಯೇ ಕುಡಿಯುವುದಿಲ್ಲವಾದ್ದರಿಂದ ನೂರು ಮಿಲಿಲೀಟರಿನ ಲೆಕ್ಕ ಅರ್ಥವಿಲ್ಲದ್ದು. ನೂರು ಮಿಲಿಲೀಟರಿಗೆ 60 ಗ್ರಾಂ ಸಕ್ಕರೆಯಿರುವ ಸಿರಪ್ಪಿನ 40 ಮಿಲಿಲೀಟರನ್ನು ನೀರಿಗೆ ಬೆರೆಸಿದರೆ ಲೋಟಕ್ಕೆ 24 ಗ್ರಾಂ ಎಂದು ಬರೆದರೆ ಕೇಳುವವರಿಗೆ ತಟ್ಟನೆ ತಿಳಿಯುತ್ತದೆ.

ನಿಜವಾದ ಶ್ರಮವಿರುವುದು ಪೋಷಕಾಂಶದ ಕೋಷ್ಟಕವೇ ಇಲ್ಲದೆ ಬರುವ ಗೃಹೋದ್ಯೋಗದ ಪೊಟ್ಟಣಗಳಲ್ಲಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕಗಳನ್ನು ಇಟ್ಟುಕೊಂಡು, ತಯಾರಿಸುವವರಿಂದ ಅಳತೆ ಕೇಳಿ ಲೆಕ್ಕ ಹಾಕುತ್ತೇನೆ. ಸಿದ್ದೆಯ (ಅಳೆಯುವ ಪಾತ್ರೆಯ) ಲೆಕ್ಕದಲ್ಲಿ ಹೇಳಿದ ಉಪ್ಪನ್ನು ತೂಕಕ್ಕೆ ಹಾಕಿ ನೋಡಲೇಬೇಕು, ಏಕೆಂದರೆ ಹರಳುಪ್ಪು ಮತ್ತು ಪುಡಿಯುಪ್ಪು ಒಂದೇ ಅಳತೆಯಲ್ಲಿ ಒಂದೇ ತೂಕ ಬರುವುದಿಲ್ಲ. ಭರಣಿಯಲ್ಲಿ ಮಿಡಿ ಬಿಟ್ಟ ಉಪ್ಪುನೀರನ್ನು ಪೂರ್ತಿ ಮಸಾಲೆಗೆ ಬಳಸಿದರೋ, ಒಂದಷ್ಟನ್ನು ಚೆಲ್ಲಿದರೋ ಎಂದು ಕೇಳದಿದ್ದರೆ ಲೆಕ್ಕ ದಾರಿ ತಪ್ಪುತ್ತದೆ. ಹಲಸಿನ ಹಪ್ಪಳಕ್ಕಾದರೆ ಕರಿಯುವ ಮೊದಲು ಮತ್ತು ಕರಿದ ನಂತರ ಬಾಣಲೆಯ ಎಣ್ಣೆಯನ್ನು ತೂಗಿ, ಹಪ್ಪಳ ಎಷ್ಟು ಎಣ್ಣೆ ಹೀರಿತೆಂದು ತಿಳಿದುಕೊಳ್ಳುತ್ತೇನೆ. “ಮನೆಯಲ್ಲೇ ಮಾಡಿದ್ದಲ್ವಾ ಮೇಡಂ” ಎಂಬ ಮಾತಿಗೆ ನಾನು ಅಂಕವನ್ನೇನೂ ಕಡಿಮೆ ಮಾಡುವುದಿಲ್ಲ. ಹೀಗೆ ಅಂದಾಜಿನಿಂದ ಬಂದ ಸಾಲುಗಳಿಗೆ ದರ್ಜೆಯ ಅಕ್ಷರವನ್ನು ಬರೆಯದೆ, ಒಂದು ಹಪ್ಪಳಕ್ಕೆ ಅಥವಾ ಒಂದು ಮಿಡಿಗೆ ಎಷ್ಟು ಸೋಡಿಯಂ ಎಂಬುದನ್ನು ಮಾತ್ರ ಪೆನ್ಸಿಲಿನಲ್ಲಿ ಬರೆದಿಡುತ್ತೇನೆ. ಮುಂದಿನ ಹಂಗಾಮಿನಲ್ಲಿ ಉಪ್ಪಿನ ಅಳತೆ ಬದಲಾದರೆ ತಿದ್ದುವುದಕ್ಕೆ ಅನುಕೂಲವಾಗುತ್ತದೆ.