ಶಾಂಪೂ ಬದಲಿಸಿದ ಮೇಲೆ ಕೂದಲು ಉದುರ್ತಿದೆಯಾ? ತುದಿ ನೋಡಿ
ಶಾಂಪೂನ ಬೈಯೋ ಮೊದಲು ಬಿದ್ದ ಕೂದಲನ್ನು ಗಾಢ ಬಣ್ಣದ ಬಟ್ಟೆ ಮೇಲಿಟ್ಟು ತುದಿ ನೋಡಿ. ಸಣ್ಣ ಬಿಳಿ ಗಂಟಿದ್ದರೆ ಅದು ಬುಡದಿಂದಲೇ ಬಂದದ್ದು. ಹೋದ ವಾರದ ಶಾಂಪೂ ಸಾಮಾನ್ಯವಾಗಿ ಕಾರಣ ಅಲ್ಲ. ಜೋರು ಜ್ವರ, ಹೆರಿಗೆ, ದಿಢೀರ್ ತೂಕ ಇಳಿದದ್ದು, ಇವುಗಳ ಪರಿಣಾಮ ತಲೆಯಲ್ಲಿ ಕಾಣಿಸೋದೇ 2-3 ತಿಂಗಳ ನಂತರ. ಗಂಟಿಲ್ಲದ ತುಂಡುಗಳೇ ಜಾಸ್ತಿ ಇದ್ದರೆ ಕೂದಲು ಮುರಿಯುತ್ತಿದೆ ಅಂತ. ಆಗ ಹೊಸ ಶಾಂಪೂ, ಹೇರ್ ಡೈ, ಸ್ಟ್ರೇಟ್ನಿಂಗ್ ಕ್ರೀಮ್ ಮೇಲೆ ಅನುಮಾನ ಪಡಿ. ದಿನಕ್ಕೆ 50ರಿಂದ 100 ಕೂದಲು ಉದುರೋದು ಮಾಮೂಲಿ. ಮೂರು ದಿನ ತಲೆ ತೊಳೆಯದಿದ್ದರೆ ಅಷ್ಟೂ ಒಟ್ಟಿಗೆ ಬರುತ್ತದೆ, ಸುಮ್ನೆ ಗಾಬರಿ ಬೇಡ. ನೆತ್ತಿ ಉರಿ, ತುರಿಕೆ ಇದ್ದರೆ ಮಾತ್ರ ಈ ತುದಿ ನೋಡೋ ಲೆಕ್ಕ ನಡೆಯಲ್ಲ, ಹೊಸದನ್ನು ಅಂದೇ ನಿಲ್ಲಿಸಿ. ಮಿನಾಕ್ಸಿಡಿಲ್ (ಕೂದಲು ಬೆಳೆಯಲು ಕೊಡೋ ಔಷಧಿ) ಶುರು ಮಾಡಿದವರಿಗೂ ನಡೆಯಲ್ಲ. ಮೊದಲ ಕೆಲವು ವಾರ ಅದರಿಂದಲೇ ಬುಡಸಮೇತ ಉದುರಬಹುದು.