ಎಗ್, ಯೆಗ್ ಮತ್ತು ಒಂದು ನಕಾರ

ಗದಗ ತಾಲೂಕಿನ ಹಳ್ಳಿಯೊಂದರ ಪ್ರೌಢಶಾಲೆಗೆ ಇಂಗ್ಲಿಷ್ ಶಿಕ್ಷಕನಾಗಿ ಸೇರಿದ ಹೊಸದರಲ್ಲಿ, ನನ್ನ ಮಾಸ್ತರರು ಹೇಳಿದ್ದನ್ನೇ ನಾನೂ ಹೇಳುತ್ತಿದ್ದೆ: ಎ, ಇ, ಐ, ಒ, ಯು ಎಂಬ ಐದು ಅಕ್ಷರಗಳಿಂದ ಶುರುವಾಗುವ ಪದದ ಮೊದಲು ‘ಒಂದು’ ಎನ್ನಲು ‘ಆ್ಯನ್’ (an), ಉಳಿದವಕ್ಕೆ ‘ಎ’ (a). ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಧಾರವಾಡದ ಮೇಲಿನ ಪ್ರಬಂಧದಲ್ಲಿ ‘ಆ್ಯನ್ ಯೂನಿವರ್ಸಿಟಿ’ ಎಂದು ಬರೆದಳು. ಕೆಂಪು ಗೀಟು ಎಳೆದೆ. “ನೀವು ಹೇಳಿದ ಹಾಗೇ ಬರೆದಿದ್ದೇನಲ್ಲ, ಸರ್” ಎಂದಳು. “ಅದು ಅಪವಾದ” ಎಂದು ಜಾರಿಕೊಂಡೆ. ಅಪವಾದವೆಂಬುದು ವ್ಯಾಕರಣ ಕಲಿಸುವವರ ಹಿಂಬಾಗಿಲು.

ಆ ರಾತ್ರಿ ನಾಚಿಕೆಯಾಯಿತು. ನಿಯಮವಿರುವುದು ಕಿವಿಗೆ, ಕಣ್ಣಿಗಲ್ಲ. ಮರುದಿನ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿ ಬರೆಸಿದೆ. ಯೂನಿವರ್ಸಿಟಿಯಲ್ಲಿ ಮೊದಲು ಬರುವುದು ಯಕಾರ, ವ್ಯಂಜನ, ಆದ್ದರಿಂದ ‘ಎ’. ಗಂಟೆಗೆ ಅವರ್, ಎಚ್ ಬರವಣಿಗೆಯಲ್ಲಷ್ಟೇ ಇದೆ, ಬಾಯಲ್ಲಿಲ್ಲ, ಆದ್ದರಿಂದ ‘ಆ್ಯನ್’. ಎಂಎಲ್ಎಗೂ ‘ಆ್ಯನ್’. ಎರಡು ದಿನ ನಾನು ಗೆದ್ದವನಂತೆ ಓಡಾಡಿದೆ.

ಮೂರನೆಯ ದಿನ ಬಿಸಿಯೂಟದ ಮೊಟ್ಟೆ ಬಂತು. ಅರ್ಧ ತರಗತಿ ‘ಎ ಯೆಗ್’ ಎಂದು ಬರೆದಿತ್ತು. ಎಮ್ಮೆಯನ್ನು ಯೆಮ್ಮೆ, ಒಲೆಯನ್ನು ವಲೆ ಎನ್ನುವ ನಾಲಿಗೆ ನಮ್ಮದು. ಎಕಾರದ ಮುಂದೆ ಯಕಾರ ಕರೆಯದೇ ಬಂದು ಕೂರುತ್ತದೆ. ತಮಾಷೆಯೆಂದರೆ ‘ಒನ್’ ವಿಷಯದಲ್ಲಿ ಅದೇ ನಾಲಿಗೆ ಸರಿ: ಇಂಗ್ಲಿಷಿನವರೂ ವನ್ ಎಂದೇ ಅನ್ನುತ್ತಾರೆ. ಅಲ್ಲಿ ತಪ್ಪು ದಾರಿ ತೋರಿಸಿದ್ದು ನಾವು ಕನ್ನಡದಲ್ಲಿ ಬರೆಯುವ ಒಕಾರ.

ಹಾಗಾಗಿ ಎರಡು ಪದಗಳನ್ನು ಕೂಡಿಸಿ ಒಂದೇ ಉಸಿರಿನಲ್ಲಿ ಹೇಳಿಸಿದೆ. ಮಾತಿನಲ್ಲಿ ‘ಎ’ ಬರೀ ‘ಅ’, ‘ಆ್ಯನ್’ ಬರೀ ‘ಅನ್’ ಆಗುತ್ತದೆ: ಅನೆಗ್, ಅನವರ್. ನಕಾರ ಎಕಾರಕ್ಕೆ ಅಂಟಿಕೊಂಡರೆ ಯಕಾರ ನುಸುಳಲು ಸಂದಿಯೇ ಇಲ್ಲ. “ಮನೆಯನ್ನು, ಗುರುವನ್ನು ಇದ್ದ ಹಾಗೆ! ಆಗಮ ಸಂಧಿ, ಸರ್” ಎಂದು ಹಿಂದಿನ ಬೆಂಚಿನಿಂದ ಒಬ್ಬ ಕೂಗಿದ. ಹೌದೆಂದೆ.

ಅದೂ ಪೂರ್ತಿ ಸರಿಯಲ್ಲವೆಂದು ಆಮೇಲೆ ನಿಘಂಟು ನೋಡಿದಾಗ ತಿಳಿಯಿತು. ‘ಒಂದು’ ಎಂಬ ಅರ್ಥದ ಹಳೆಯ ರೂಪದಲ್ಲಿಯೇ ನಕಾರವಿತ್ತು. ವ್ಯಂಜನದ ಮುಂದೆ ಅದು ಉದುರಿ ‘ಎ’ ಆಯಿತು. ಆಗಮವಲ್ಲ, ಲೋಪ. ಇದನ್ನು ತರಗತಿಯಲ್ಲಿ ಒಪ್ಪಿಕೊಂಡು, ಏಪ್ರನ್ ಕಥೆಯನ್ನೂ ಹೇಳಿದೆ. ಅಡುಗೆಯವರು ಕಟ್ಟಿಕೊಳ್ಳುವ ಆ ಬಟ್ಟೆಯ ಹೆಸರು ಮೊದಲು ನೇಪ್ರನ್. ‘ಎ ನೇಪ್ರನ್’ ಎಂಬುದನ್ನು ಜನ ‘ಆ್ಯನ್ ಏಪ್ರನ್’ ಎಂದು ಒಡೆದುಕೊಂಡರು. ನಕಾರ ಪಕ್ಕದ ಮನೆ ಸೇರಿತು.

ಯೂನಿವರ್ಸಿಟಿಯ ಹುಡುಗಿ ಕೈ ಎತ್ತಿದಳು. “ಅವರಿಗೆ ಯಾರೂ ಕೆಂಪು ಗೀಟು ಎಳೆಯಲಿಲ್ಲವೇ, ಸರ್?”